ಖಾಲಿ ಕಿಂಡಿಯ ಪ್ರೇಕ್ಷಕಿ

ದಾವಣಗೆರೆಯ ದೃಶ್ಯಜಾಲದ ಕಂಟ್ರೋಲ್ ರೂಮಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲೇ ವಾರಿಜಾಗೆ ಸ್ವಿಚ್ಚುಗಳ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟಿತ್ತು. ಸ್ವಿಚ್ಚೆಂದರೆ ದೀಪ ಹತ್ತಿಸುವ ಗುಂಡಿಯಲ್ಲ. ಬೀದಿ ಮೂಲೆಯ ಕಬ್ಬಿಣದ ಪೆಟ್ಟಿಗೆಯೊಳಗೆ, ಮೈತುಂಬ ಕಿಂಡಿಗಳನ್ನಿಟ್ಟುಕೊಂಡು, ಕಿಂಡಿಗೊಂದು ಮನೆಯಂತೆ ತಂತಿ ಸಿಕ್ಕಿಸಿಕೊಂಡು ಕೂತಿರುವ ಯಂತ್ರ. ಅದು ಸ್ವಲ್ಪ ಹೊತ್ತಿಗೊಮ್ಮೆ ಎಲ್ಲ ಮನೆಗಳಿಗೂ ಒಂದೇ ಪ್ರಶ್ನೆ ಕಳಿಸುತ್ತದೆ: ಯಾರಾದರೂ ನೋಡುತ್ತಿದ್ದೀರಾ? ಏನನ್ನು? ಟಿವಿಯ ಪಕ್ಕದಲ್ಲಿರುವ ಪುಟ್ಟ ಡಬ್ಬ ಮನೆಯವರ ಪರವಾಗಿ ಉತ್ತರಿಸುತ್ತದೆ: ಇದ್ದೇವೆ, ಇಂಥ ಚಾನೆಲ್ಲು. ಉತ್ತರ ಬಂದ ಕಿಂಡಿಗೆ ಚಿತ್ರ ಹರಿಯುತ್ತದೆ, ಬಾರದ ಕಿಂಡಿ ಮುಚ್ಚಿಕೊಳ್ಳುತ್ತದೆ.

ನಲ್ಲಿ ನೀರು ಬಿಡುವವನು ಬೀದಿಬೀದಿಯ ವಾಲ್ವ್ ತಿರುಗಿಸಿದ ಹಾಗೆ ಅನ್ನಬಹುದು. ಆದರೆ ನೀರು ಹಂಚಿದಷ್ಟೂ ತೆಳ್ಳಗಾಗುತ್ತದೆ, ಚಿತ್ರ ಆಗುವುದಿಲ್ಲ. ಊರಿಗೆ ಊರೇ ಕ್ರಿಕೆಟ್ ನೋಡುತ್ತಿದ್ದರೂ ಬೆಂಗಳೂರಿನಿಂದ ಹೊರಟು ಬರುವುದು ಒಂದೇ ಪ್ರತಿ. ದಾರಿ ಕವಲೊಡೆದಲ್ಲಿ ಮಾತ್ರ ಸ್ವಿಚ್ಚು ಅದನ್ನು ನಕಲು ಮಾಡಿ, ಕೇಳಿದವರತ್ತ ದೂಡಿ, ಕೇಳದವರನ್ನು ಅವರ ಪಾಡಿಗೆ ಬಿಡುತ್ತದೆ.

ವಾರಿಜಾಗೆ ಹಿಡಿಸಿದ್ದು ಆ ಪ್ರಶ್ನೆ. ಅವಳನ್ನು ಯಾರೂ ಹಾಗೆ ಕೇಳುತ್ತಿರಲಿಲ್ಲ. ಮಂಡಕ್ಕಿ ಭಟ್ಟಿಯೊಂದರ ಮಾಳಿಗೆಯ ಮೇಲೆ ಅವಳ ಬಾಡಿಗೆ ರೂಮು. ಕೆಳಗೆ ಮಂಡಕ್ಕಿ ಹುರಿಯುವ ಸದ್ದು, ಹೊಗೆ, ಹೆಂಗಸರ ಜಗಳ, ನಗು. ಅವಳು ಮೆಟ್ಟಿಲಿಳಿದು ಬಂದರೆ ನಗು ಒಂದು ಗಳಿಗೆ ನಿಂತು, ಅವಳು ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಯಾರೂ ಕೆಟ್ಟವರಲ್ಲ. ಅವಳಿಗೇ ನಿಂತು "ಏನು ಅಡುಗೆ ಅಕ್ಕಾ" ಅನ್ನಲು ಬಾಯಿ ಬರುತ್ತಿರಲಿಲ್ಲ.

ಆ ವೇಳೆಗೆ ಮನೆಗೊಂದು ಚಾನೆಲ್ ಎಂಬ ಕಾನೂನು ಬಂದು ಜನಕ್ಕೆ ಅಭ್ಯಾಸವಾಗಿಹೋಗಿತ್ತು. ಯಾರು ಬೇಕಾದರೂ ತಮ್ಮ ಮನೆಯಿಂದ ಏನನ್ನು ಬೇಕಾದರೂ ಬಿತ್ತರಿಸಬಹುದು. ನಿಯಮ ಒಂದೇ. ಕನಿಷ್ಠ ಒಬ್ಬರಾದರೂ ನೋಡುತ್ತಿರಬೇಕು. ಒಂದು ಇಡೀ ದಿನ ಒಬ್ಬರೂ ಇಲ್ಲದೆ ಹೋದರೆ ಚಾನೆಲ್ ಹಿಂದಕ್ಕೆ ಹೋಗುತ್ತದೆ, ಅದರ ಸಂಖ್ಯೆ ಇನ್ಯಾರಿಗೋ ಸಿಗುತ್ತದೆ. ಕ್ಯಾಮೆರಾದ ತಲೆಯ ಮೇಲೆ ನೋಡುವವರ ಲೆಕ್ಕ ಹಸಿರು ಅಂಕಿಯಲ್ಲಿ ಮೂಡುತ್ತಿತ್ತು. ಎಷ್ಟು ಜನ ಎಂದಷ್ಟೇ, ಯಾರು ಎಂದಲ್ಲ. ಅದನ್ನು ತಿಳಿಸುವುದು ಕಾನೂನಿಗೆ ವಿರುದ್ಧ.

ಜನ ಅದಕ್ಕೂ ಉಪಾಯ ಕಂಡುಕೊಂಡಿದ್ದರು. ಮದುವೆಮನೆಯಲ್ಲಿ ಮುಯ್ಯಿ ಮಾಡುವ ಹಾಗೆ, ನೀವು ನಮ್ಮದು ಹಾಕಿರಿ, ನಾವು ನಿಮ್ಮದು ಹಾಕಿರುತ್ತೇವೆ. ಅದಕ್ಕೆ ಮುಯ್ಯಿ ನೋಟ ಎಂಬ ಹೆಸರೂ ಬಿದ್ದಿತ್ತು. ಎಷ್ಟೋ ಮನೆಗಳಲ್ಲಿ ಟಿವಿ ಗೋಡೆಗೆ ಮುಖಮಾಡಿ ಉರಿಯುತ್ತ ಬೀಗರ ಚಾನೆಲ್ಲಿನ ಮರ್ಯಾದೆ ಕಾಯುತ್ತಿತ್ತು. ಮುಯ್ಯಿ ಮಾಡುವವರು ಇಲ್ಲದವರಿಗಷ್ಟೇ ಆ ಅಂಕಿಯ ಕಡೆ ನೋಡಲು ಭಯ.

ಆ ವಾರ ಮೇಲಿನಿಂದ ಆದೇಶ ಬಂತು. ಹಳೇ ಊರಿನ ಸ್ವಿಚ್ಚುಗಳನ್ನೆಲ್ಲ ಬದಲಿಸುತ್ತಾರೆ, ಶನಿವಾರದೊಳಗೆ ಅವುಗಳಲ್ಲಿನ ಕೈನಮೂದುಗಳನ್ನು ಅಳಿಸಬೇಕು. ಕೈನಮೂದೆಂದರೆ ಸ್ವಿಚ್ಚಿಗೆ ಮನುಷ್ಯರು ಕೈಯಾರೆ ಬರೆದುಕೊಡುವ ಅಪ್ಪಣೆ. ಈ ಕಿಂಡಿಯವರು ಈ ಚಾನೆಲ್ ನೋಡುತ್ತಿದ್ದಾರೆ, ಅವರನ್ನು ಕೇಳಬೇಡ, ಹರಿಸುತ್ತಿರು ಎಂದು. ಆಸ್ಪತ್ರೆ, ಠಾಣೆಗಳಿಗೆ ಅದು ಬೇಕಾಗುತ್ತದೆ. ವಾರಿಜಾ ಒಂದೊಂದೇ ನೋಡಿ ಅಳಿಸುತ್ತ ಬಂದವಳು ಚೌಕಿಪೇಟೆಯ ಒಂದು ಸ್ವಿಚ್ಚಿನ ಎದುರು ತಡೆದಳು. ಒಂದು ಕಿಂಡಿಗೆ ಯಾವುದೋ ಮನೆ ಚಾನೆಲ್ಲಿನ ಕೈನಮೂದಿತ್ತು. ಆದರೆ ಆ ಕಿಂಡಿಯಲ್ಲಿ ತಂತಿಯೇ ಇರಲಿಲ್ಲ.

"ಇಮ್ತಿಯಾಜಣ್ಣ, ಇದು ಯಾರದ್ದು?"

ಪಕ್ಕದ ಮೇಜಿನ ಇಮ್ತಿಯಾಜ್ ಅವಳಿಗಿಂತ ಎಷ್ಟೋ ವರ್ಷ ಹಿರಿಯ. ಮಿರ್ಚಿಯನ್ನು ಬಾಯಿಗಿಟ್ಟುಕೊಂಡೇ ಬಗ್ಗಿ ನೋಡಿದ.

"ಅರೆ, ಇದು ನಂದೇ! ಸ್ವಿಚ್ ಕೂರಿಸ್ದಾಗ ಟೆಸ್ಟ್ ಮಾಡೋಕೆ ಹಾಕಿದ್ದು. ತಂತಿ ಕಿತ್ಕೊಂಡು ಬಂದೆ, ಇದನ್ನ ಅಳಿಸೋದು ಮರೆತೇಹೋಗೈತೆ ನೋಡು."

"ಟೆಸ್ಟಿಗೆ ಯಾರದೋ ಮನೆ ಚಾನೆಲ್ ಹಾಕ್ತೀರಾ?"

"ಮತ್ತೆ ಕ್ರಿಕೆಟ್ ಹಾಕ್ಲಾ? ಏನಾದ್ರೂ ಎಡವಟ್ಟಾದ್ರೆ ಊರೇ ಬಂದು ಬಾಗ್ಲು ಒದೀತದೆ. ಸೊನ್ನೆ ಇರೋ ಚಾನೆಲ್ ಹುಡುಕಿ ಹಾಕೋದು ಇಲ್ಲಿ ಪದ್ಧತಿ ಮೇಡಮ್ಮೋರೆ. ಯಾರೂ ನೋಡದಿದ್ರೆ ಯಾರಿಗೂ ತೊಂದ್ರೆ ಇಲ್ವಲ್ಲ. ಅಳಿಸಾಕು."

ವಾರಿಜಾ ಅಳಿಸುವ ಮುಂಚೆ ಒಮ್ಮೆ ಇಣುಕಿದಳು. ಹರಿಯುತ್ತಿರುವ ಚಿತ್ರದ ನಕಲನ್ನಷ್ಟೇ ತೋರಿಸುವ ತಪಾಸಣೆಯ ಪರದೆಯೊಂದು ಅಲ್ಲಿತ್ತು. ಅದರಲ್ಲಿ ನೋಡಿದರೆ ಲೆಕ್ಕಕ್ಕೆ ಬರುವುದಿಲ್ಲ.

ಐವತ್ತರ ಆಸುಪಾಸಿನ ಹೆಂಗಸು, ಮರದ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮುಂದೆ ಮೈಕಿನ ಬದಲು ಒಂದು ಸ್ಟೀಲ್ ಲೋಟ.

"ಪ್ರಯಾಣಿಕರ ಗಮನಕ್ಕೆ," ಎಂದಳು. ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಕೇಳುವಂಥದೇ ತುಂಬು ದನಿ. "ನಮ್ಮ ಬೀದಿಯಿಂದ ಹೊರಟು ಮಾರ್ಕೆಟ್ ಮಾರ್ಗವಾಗಿ ಕೆರೆ ಏರಿಗೆ ತೆರಳುವ ಗೌರಕ್ಕನ ಎಮ್ಮೆಯು ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ. ಎಮ್ಮೆಯ ಬಾಲ ತಾಗುವಷ್ಟು ಹತ್ತಿರ ಯಾರೂ ನಿಲ್ಲಬಾರದಾಗಿ ವಿನಂತಿ." ಆಮೇಲೆ ದನಿ ತಗ್ಗಿಸಿದಳು. "ನಕ್ಕಿಯೇನೇ ಕೊಟ್ರಿ? ನಗ್ತೀಯ, ನಂಗೊತ್ತು."

ವಾರಿಜಾ ನಕ್ಕಿದ್ದಳು. ಕೈ ಬಾಯಿಯ ಮೇಲೆ ಹೋಗಿತ್ತು.

"ಈವತ್ತೂ ಒಂದು ಅಂತ ತೋರಿಸ್ತಾ ಐತೆ," ಹೆಂಗಸು ಕ್ಯಾಮೆರಾದ ಮೇಲ್ಗಡೆ ನೋಡಿದಳು. "ಅವತ್ತು ನಾನು ಬಾಯ್ಬಿಟ್ಟು ಕರೆದೆ, ಕೊಟ್ರಿ, ಎಲ್ಲಿದ್ರೂ ಸರಿ ಬಾರೇ ಅಂತ. ಮಾರನೇ ದಿನ ಸೊನ್ನೆ ಹೋಗಿ ಒಂದು ಬಂತು. ಒಡಹುಟ್ಟಿದೋಳು ನೀನಲ್ದೆ ಇನ್ಯಾರು ಬರ್ತಾರೆ ಈ ಹಾಲಮ್ಮನ ಬಾಯಿ ಕೇಳೋಕೆ? ಕೇಳು, ಕಂಡಕ್ಟ್ರು ನಾಗೇಂದ್ರಪ್ಪ ಸಿಕ್ಕಿದ್ದ. ಸಿಂಧನೂರಲ್ಲಿ ಬಸ್ ಸ್ಟ್ಯಾಂಡ್ ಎದುರಿನ ಖಾನಾವಳೀಲಿ ನಿನ್ನ ಕಂಡ್ನಂತೆ. ಸೊರಗಿದಾಳೆ ಅಂದ. ಅಲ್ಲಿಂದ್ಲೂ ಗಂಟುಮೂಟೆ ಕಟ್ತಾ ಇದಾಳೆ ಅಂದ. ಓಡಿ ಬರನಾ ಅನ್ನಿಸ್ತು. ಆದ್ರೆ ನಾನು ಬೆನ್ ಹತ್ತಿದ್ರೆ ನೀನು ಇನ್ನೂ ದೂರ ಹೋಗೋಳು. ಎಲ್ಲಿಗೆ ಬೇಕಾದ್ರೂ ಹೋಗು. ಹೋದಲ್ಲೂ ನನ್ನ ಹಾಕ್ಕಂತೀಯಲ್ಲ, ಅಷ್ಟು ಸಾಕು ನಂಗೆ. ಮನಸ್ಸು ಕರಗಿದಾಗ ನೀನೇ ಬಾ."

ವಾರಿಜಾ ಅಳಿಸುವ ಕೀಲಿಯ ಮೇಲಿಟ್ಟಿದ್ದ ಬೆರಳನ್ನು ಹಿಂದಕ್ಕೆ ತೆಗೆದಳು.

ಅಂದು ಸಂಜೆ ರೂಮಿಗೆ ಹೋಗಿ, ಚಪ್ಪಲಿಯನ್ನೂ ಬಿಡದೆ ಟಿವಿ ಹಾಕಿದಳು. ಅವಳ ಡಬ್ಬ ಬೀದಿಯ ಸ್ವಿಚ್ಚಿಗೆ ಹೇಳಿತು: ನಾನೂ ಇದ್ದೇನೆ. ಹಾಲಮ್ಮ ಸೊಪ್ಪು ಬಿಡಿಸುತ್ತ ಏನೋ ಹೇಳುತ್ತಿದ್ದವಳು ತಲೆಯೆತ್ತಿ ಅಲ್ಲಿಗೇ ಮಾತು ನಿಲ್ಲಿಸಿದಳು.

"ಎರಡು!" ಎಂದಳು. ಸೊಪ್ಪಿನ ಕೈ ಎದೆಗೆ ಹೋಯಿತು. "ಕೊಟ್ರೀ, ಯಾರ್ನೇ ಕರ್ಕಂಡು ಬಂದಿದೀಯ? ನಿಮ್ ಮನೆಯೋರಾ? ಮದ್ವೆ ಆದೆಯೇನೇ ಕಳ್ಳಿ? ನನಗೊಂದ್ ಮಾತು ಹೇಳ್ದಂಗೆ?" ಅವಳು ಸೆರಗು ಸರಿಮಾಡಿಕೊಂಡಳು, ಕೂದಲು ಒತ್ತಿಕೊಂಡಳು, ಹೊಸಬರ ಎದುರು ಕೂತವರಂತೆ ನಗಲು ಹೋಗಿ ಕಣ್ಣು ತುಂಬಿಕೊಂಡಳು. "ಬರ್ರಿ, ಬರ್ರಿ. ನಾನು ಇವಳ ಅಕ್ಕ ರೀ."

ವಾರಿಜಾ ಗಾಬರಿಯಿಂದ ಗುಂಡಿ ಒತ್ತಿಬಿಟ್ಟಳು. ಪರದೆ ಕಪ್ಪಾಯಿತು. ಆ ಕಡೆ ಎರಡು ಹೋಗಿ ಒಂದಾಗಿರುತ್ತದೆ ಎಂದು ಹೊಳೆದದ್ದು ಆಮೇಲೆ. ಹಾಲಮ್ಮ ಆಗ ಏನಂದಳೋ, ಅದನ್ನು ಕೇಳಲು ಈ ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ. ತಂತಿಯಿಲ್ಲದ ಒಂದು ಕಿಂಡಿ ಮಾತ್ರ ಇತ್ತು. ಕೆಳಗೆ ಭಟ್ಟಿಯ ಹೆಂಗಸರು ದೊಡ್ಡದಾಗಿ ನಗುತ್ತಿದ್ದರು.

ಮರುದಿನ ಎಲ್ಲ ಕೇಳಿದ ಮೇಲೆ ಇಮ್ತಿಯಾಜನ ಮುಖ ಸಣ್ಣಗಾಯಿತು. ಸ್ವಲ್ಪ ಹೊತ್ತು ಕುರ್ಚಿಯನ್ನು ಅತ್ತಿತ್ತ ತಿರುಗಿಸಿದ.

"ಒಂದ್ ದಾರಿ ಐತೆ. ಕೈನಮೂದು ಅಳಿಸಿದ ಕೂಡ್ಲೇ ಸ್ವಿಚ್ಚು ಸುಮ್ನೆ ಮುಚ್ಚಲ್ಲ. ಕೊನೇದಾಗಿ ಒಂದ್ಸಲ ಕೇಳ್ತದೆ, ಈ ಚಾನೆಲ್ಲಿಗೆ ಯಾರಾದ್ರೂ ಉಳಿದಿದೀರಾ ಅಂತ. ಆ ಗಳಿಗೇಲಿ ನಿನ್ನ ಡಬ್ಬ 'ಇದೀನಿ' ಅಂದ್ರೆ ಆಯ್ತು. ಒಂದು ಹೋಯ್ತು, ಒಂದು ಬಂತು. ಅಂಕಿ ಕಣ್ಣು ಮಿಟುಕಿಸೋದಿಲ್ಲ. ಆಯಮ್ಮಂಗೆ ಗೊತ್ತೇ ಆಗಲ್ಲ."

"ಆಮೇಲೆ?"

"ಆಮೇಲೇನು, ನಿನ್ನ ಟಿವಿ ಆರಿಸಬ್ಯಾಡ ಅಷ್ಟೆ."

"ಯಾವಾಗ್ಲೂ?"

"ನಿಂಗೇನು ಗಂಡನಾ, ಮಕ್ಕಳಾ, ಬೇರೆ ಚಾನೆಲ್ ಹಾಕು ಅಂತ ಜಗಳ ಆಡೋಕೆ?" ಅಂದವನು ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. "ತಪ್ಪು ತಿಳೀಬ್ಯಾಡ ಮಾರಾಯ್ತಿ. ತಮಾಷೆಗಂದೆ."

ಅವಳು ತಪ್ಪು ತಿಳಿಯಲಿಲ್ಲ. ಹಾಗೇ ಮಾಡೋಣ ಎಂದು ಒಂದು ಕ್ಷಣ ಅನ್ನಿಸಿದ್ದು ಅವಳಿಗೆ ಮಾತ್ರ ಗೊತ್ತು. ದಿನಾ ಸಂಜೆ ಒಬ್ಬರು ಕಾದು ಕೂತು, ಎಮ್ಮೆಯ ಸುದ್ದಿ, ಸಾರಿನ ಸುದ್ದಿ ಹೇಳುವುದು. ನಕ್ಕಿಯೇನೇ ಎಂದು ಕೇಳುವುದು. ಬೇರೊಬ್ಬಳ ಹೆಸರಿನಲ್ಲಾದರೂ ಸರಿ, ಅಷ್ಟು ಆಸೆಯಾಗಿತ್ತು. ಆದರೆ ಆ ಸುಖಕ್ಕೆ ಇವಳು ಕೂತಷ್ಟು ದಿನ ಹಾಲಮ್ಮ ಸಿಂಧನೂರಿಗೆ ಹೋಗುವುದಿಲ್ಲ. ಅಲ್ಲಿ ಆ ತಂಗಿ ಕೊಟ್ರಮ್ಮ ಗಂಟು ಕಟ್ಟಿ ಇನ್ನೆಲ್ಲಿಗೋ ಹೋಗಿಬಿಡುತ್ತಾಳೆ, ಆಮೇಲೆ ಯಾವ ಕಂಡಕ್ಟರಿಗೂ ಕಾಣಿಸುವುದಿಲ್ಲ.

"ನಾನೇ ಹೋಗಿ ಹೇಳ್ತೀನಿ," ಎಂದಳು.

"ನೀನಾ? ಕ್ಯಾಂಟೀನ್ನಲ್ಲಿ ಇನ್ನೊಂದ್ ಚಟ್ನಿ ಕೇಳೋಕೂ ನನ್ನ ಕಳಿಸ್ತೀಯಲ್ಲ?"

"ಹೂಂ."

ಹಾಲಮ್ಮನ ಮನೆ ಚೌಕಿಪೇಟೆಯ ಹಿಂದಿನ ಗಲ್ಲಿಯಲ್ಲಿ. ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಹೋದ ವಾರಿಜಾಗೆ, ಬಾಗಿಲು ತೆರೆದು ಆ ಮುಖವೇ ಎದುರು ನಿಂತಾಗ ಜೋಡಿಸಿದ್ದೆಲ್ಲ ಚೆದುರಿತು. ಪರದೆಯಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದಳು.

"ಯಾರಮ್ಮಾ? ಲೈನಿನ ಆಫೀಸಿನೋಳಾ? ಬಾ ಒಳಕ್ಕೆ. ನೀರು ಕುಡೀತೀಯಾ? ಮುಖ ಯಾಕೆ ಹಂಗೈತೆ, ಬಿಸಿಲಿಗಾ?"

ನೀರು ಕುಡಿದು ವಾರಿಜಾ ಹೇಳಿದಳು. ತೊದಲುತ್ತ, ಹಿಂದುಮುಂದಾಗಿ. ಮೊದಲು ಸ್ವಿಚ್ಚು ಹೇಗೆ ಕೇಳುತ್ತದೆ ಎಂದು ಶುರುಮಾಡಿ, ಕೈನಮೂದಿಗೆ ಬಂದು, ಕೊನೆಗೆ, "ಅಲ್ಲಿ ಯಾರೂ ಇರ್ಲಿಲ್ಲ ಅಮ್ಮಾ. ಯಾವತ್ತೂ ಇರ್ಲಿಲ್ಲ. ನಮ್ಮೋರು ಅಳಿಸೋದು ಮರೆತಿದ್ರು," ಎಂದು ನಿಲ್ಲಿಸಿದಳು.

ಹಾಲಮ್ಮ ಕುರ್ಚಿಯ ಕಡೆ ನೋಡಿದಳು, ಕ್ಯಾಮೆರಾದ ಕಡೆ ನೋಡಿದಳು. ಹಸಿರು ಅಂಕಿ ಇನ್ನೂ ಒಂದು ಎಂದೇ ಉರಿಯುತ್ತಿತ್ತು.

"ನಿನ್ನೆ ಎರಡಾಯ್ತಲ್ಲ?"

"ಅದು ನಾನು."

"ತಟ್ಟಂತ ಹೋದ್ಯಲ್ಲ ಮತ್ತೆ?"

"ಹೆದರಿಕೆ ಆಯ್ತು."

"ಒಲೆ ಮೇಲೆ ಏನೋ ಇಟ್ಟು ಬಂದಿರ್ಬೇಕು, ಅದ್ಕೆ ಎದ್ದೋದ್ರು ಅಂದ್ಕಂಡೆ ನಾನು." ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. ಸುತ್ತಿದ್ದನ್ನು ಬಿಚ್ಚಿ ಎದ್ದಳು. "ಎಲ್ಲೈತೆ ಅದು? ಆ ಕಿಂಡಿ. ತೋರ್ಸು ನಂಗೆ."

ಸ್ವಿಚ್ಚಿನ ಪೆಟ್ಟಿಗೆ ಎರಡು ಬೀದಿಯಾಚೆ, ಹಳೇ ಗಿರಣಿಯೊಂದರ ಗೋಡೆಗೆ ಆತುಕೊಂಡಿತ್ತು. ಹೋಗುತ್ತ ಹಾಲಮ್ಮ ತನಗೇ ಹೇಳಿಕೊಳ್ಳುವವಳಂತೆ ಹೇಳಿದಳು. ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗಿ ಹೇಳುವ ಕೆಲಸ ಅವಳದಾಗಿತ್ತು. ಯಂತ್ರದ ದನಿ ಬಂದ ಮೇಲೆ ಅವಳನ್ನು ಮನೆಗೆ ಕಳಿಸಿದರು. ಆ ಯಂತ್ರಕ್ಕೆ ಕೊಟ್ಟಿದ್ದು ಕೊಟ್ರಮ್ಮನ ದನಿ. ಕಂಪನಿಯವರು ಊರೂರು ಸುತ್ತಿ ಹೆಣ್ಣುದನಿ ಹುಡುಕುತ್ತಿದ್ದಾಗ, ಯಾತಕ್ಕೆಂದು ತಿಳಿಯದೆ, ಕೊಟ್ಟ ಹಾಳೆ ಓದಿ ಬಂದಿದ್ದಳು.

"ಅಕ್ಕನ ಗಂಟಲು ಕಿತ್ತು ಮಾರ್ಕಂಡೆ ಅಂದೆ ನಾನು. ಅಷ್ಟೇ ಅಂದಿದ್ದು. ಬೆಳಿಗ್ಗೆ ಎದ್ದು ನೋಡ್ತೀನಿ, ಹಾಸಿಗೆ ಮಡಚಿಟ್ಟು ಹೋಗವ್ಳೆ. ಆಮೇಲೆ ನಾನು ಬಸ್ ಸ್ಟ್ಯಾಂಡಿನ ಕಡೆ ತಲೆ ಹಾಕಿಲ್ಲ. ಅಲ್ಲಿ ಹೋದ್ರೆ ದಿನಾ ಪೂರ್ತಿ ಅವಳೇ ಮಾತಾಡ್ತಿರ್ತಾಳೆ."

ವಾರಿಜಾ ಬೀಗ ತೆಗೆದಳು. ಪೆಟ್ಟಿಗೆಯೊಳಗೆ ಬೆಚ್ಚನೆಯ ಗಾಳಿ, ಧೂಳು, ಸಾಲು ಕಿಂಡಿಗಳು. ಪ್ರತಿಯೊಂದರ ಪಕ್ಕದಲ್ಲೂ ಸಾಸಿವೆಯಷ್ಟು ದೀಪ ಮಿಣಮಿಣ ಅನ್ನುತ್ತಿತ್ತು. ಯಾರದೋ ಕ್ರಿಕೆಟ್, ಯಾರದೋ ಧಾರಾವಾಹಿ. ನಡುವೆ ಒಂದು ಕತ್ತಲು.

"ಇದಾ?" ಹಾಲಮ್ಮ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ಒಳಗೆ ಇಣುಕಿದಳು. "ಇಲಿ ಬಿಲ ಇದ್ದಂಗೈತಲ್ಲೇ." ನಗು ಬಂತು, ಬಂದದ್ದು ಅರ್ಧದಲ್ಲೇ ಸಿಕ್ಕಿಕೊಂಡಿತು. "ಉಗಾದಿ ದಿನ ಇದಕ್ಕೆ ಹೋಳಿಗೆ ತೋರ್ಸಿದೀನಿ ನಾನು. ಇದ್ರ ಮುಂದೆ ಅತ್ತೀನಿ. ತಪ್ಪಾಯ್ತು ಕಣೇ, ನಿಂಗೆ ಗೊತ್ತಿರ್ಲಿಲ್ಲ ಅಂತ ನಂಗೆ ಆಮೇಲೆ ಗೊತ್ತಾಯ್ತು ಅಂತ..."

ಅವಳು ಬಗ್ಗಿದವಳು ಹಾಗೇ ಇದ್ದಳು. ಮಾತು ನಿಂತದ್ದು ಅಳುವಿಗಲ್ಲ, ಏನೋ ಹೊಳೆದದ್ದಕ್ಕೆ ಎಂದು ವಾರಿಜಾಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಅಲ್ಲಮ್ಮ, ಹಂಗಾದ್ರೆ ನಾನು ತಪ್ಪಾಯ್ತು ಅಂದಿದ್ದು ಅವಳಿಗೆ ಕೇಳಿಸೇ ಇಲ್ಲ."

"ಇಲ್ಲ."

"ಅವಳ ಲೆಕ್ಕದಾಗೆ ನಾನಿನ್ನೂ ಬೈದ ಮಾತಲ್ಲೇ ನಿಂತಿದೀನಿ."

ಹಾಲಮ್ಮ ನೆಟ್ಟಗಾದಳು. "ಕಿತ್ತಾಕು. ನನ್ ಕಣ್ ಮುಂದೆ ಕಿತ್ತಾಕು."

ವಾರಿಜಾ ಕೈಯಲ್ಲಿದ್ದ ಯಂತ್ರದಲ್ಲಿ ಆ ಸಾಲನ್ನು ಹುಡುಕಿ ಅಳಿಸಿದಳು. ಸ್ವಿಚ್ಚು ತನ್ನ ಪದ್ಧತಿಯಂತೆ ಕೊನೆಯದಾಗಿ ಒಮ್ಮೆ ಎಲ್ಲ ಮನೆಗಳನ್ನೂ ಕೇಳಿತು. ಕೇಳುವುದಕ್ಕೆ ಸದ್ದಿಲ್ಲ, ಪರದೆಯ ಮೇಲೆ ಒಂದು ಗೆರೆ ಮೂಡಿ ಹೋಗುತ್ತದೆ ಅಷ್ಟೆ. ಇಬ್ಬರೂ ಆ ಪರದೆಯ ಮೇಲೆ ಬಗ್ಗಿ ಕಾದರು. ಅದೇ ಗಳಿಗೆಗೆ ನಿಜವಾದ ಕೊಟ್ರಮ್ಮ ಎಲ್ಲಿಂದಲೋ 'ಇದೀನಿ' ಎನ್ನಲಿ ಎಂಬ ಹುಚ್ಚು ಆಸೆ ವಾರಿಜಾಗೆ. ಯಾರೂ ಅನ್ನಲಿಲ್ಲ. ಕ್ಯಾಮೆರಾದ ಲೆಕ್ಕ ಹಾಲಮ್ಮನ ಫೋನಿನಲ್ಲೂ ಕಾಣುತ್ತಿತ್ತು, ಅಲ್ಲಿ ಒಂದು ಹೋಗಿ ಸೊನ್ನೆ ಬಂತು.

"ಬೆಳಿಗ್ಗೆ ನಾನೇ ಸಿಂಧನೂರಿಗೆ ಹೋಗ್ತೀನಿ. ನಾಳೆ ಚಾನೆಲ್ ಕಿತ್ಕಂತಾರಾ?"

"ಹೂಂ. ನೀವು ಬರೋವರೆಗೂ ನಾನು ಹಾಕಿರ್ತೀನಮ್ಮಾ. ನಮ್ಮ ಟಿವೀಲಿ. ಆಗ ಕಿತ್ಕೊಳ್ಳಲ್ಲ."

"ಖಾಲಿ ಕುರ್ಚಿ ನೋಡ್ತಾ ಕೂರ್ತೀಯಾ? ಬ್ಯಾಡ." ಹಾಲಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಒಬ್ಳೇ ಇರೋದಾ ನೀನು?"

ವಾರಿಜಾ ಹೌದೆಂದು ತಲೆಯಾಡಿಸಿದಳು.

"ಅದ್ಕೇ ಅಳಿಸೋಕೆ ಕೈ ಬಂದಿಲ್ಲ ನಿಂಗೆ," ಎಂದಳು ಹಾಲಮ್ಮ. ಬೈಗುಳದಂತೆಯೂ ಇರಲಿಲ್ಲ, ಸಮಾಧಾನದಂತೆಯೂ ಇರಲಿಲ್ಲ. "ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಾ. ಆ ದನಿ ಕೇಳ್ಕಂಡು ಒಬ್ಳೇ ನಿಂತ್ಕಳಾಕೆ ನನ್ ಕೈಲಾಗಲ್ಲ."

ಬೆಳಿಗ್ಗೆ ನಿಲ್ದಾಣ ತುಂಬಿ ತುಳುಕುತ್ತಿತ್ತು. ಕಂಬಕಂಬದಿಂದಲೂ ಒಂದೇ ಹೆಣ್ಣುದನಿ ಹರಿಹರ, ಹಾವೇರಿ, ಚಿತ್ರದುರ್ಗ ಎನ್ನುತ್ತಿತ್ತು. ಹಾಲಮ್ಮ ಒಂದು ಚೀಲ, ಒಂದು ಬುತ್ತಿ ಹಿಡಿದು, ಜಾತ್ರೆಯಲ್ಲಿ ದಾರಿ ತಪ್ಪಿದವಳಂತೆ ವಾರಿಜಾಳ ತೋಳು ಬಿಗಿಯಾಗಿ ಹಿಡಿದಿದ್ದಳು. ದನಿ ಹೇಳಿತು: ಹರಪನಹಳ್ಳಿ, ಹೊಸಪೇಟೆ, ಗಂಗಾವತಿ ಮಾರ್ಗವಾಗಿ ಸಿಂಧನೂರಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ.

ಹಾಲಮ್ಮನ ಹಿಡಿತ ಇನ್ನೂ ಬಿಗಿಯಾಯಿತು. ಆಮೇಲೆ ಮೂಗು ಉಜ್ಜಿಕೊಂಡಳು.

"ನೋಡು, ಸಿಂಧನೂ... ಅಂತ ಎಷ್ಟುದ್ದ ಎಳೀತಾಳೆ. ಹಂಗೆ ಎಳೆದ್ರೆ ಬಸ್ಸು ಹೋಗ್ಬಿಟ್ಟಿರ್ತದೆ. ಬರ್ಲಿ, ಹೇಳ್ಕೊಡ್ತೀನಿ ಕತ್ತೆಗೆ."

"ಇರ್ತಾರೆ ಅಲ್ವಾ ಅಮ್ಮಾ, ಅಲ್ಲಿ?"

"ಇದ್ರೆ ಸಿಗ್ತಾಳೆ. ಇಲ್ದಿದ್ರೆ ಎಲ್ಲಿ ಹೋದ್ಲು ಅಂತ ಕೇಳ್ತೀನಿ. ಬಾಯಿ ಐತಲ್ಲ." ಅವಳು ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಜಾಗ ಹಿಡಿಯಲು ಯಾರೊಂದಿಗೋ ಜಗಳವಾಡಿ ಗೆದ್ದಳು. ಚೀಲ ಮಡಿಲಲ್ಲಿಟ್ಟುಕೊಂಡು ಮುಂದೆ ನೋಡುತ್ತ ಕೂತಳು, ವಾರಿಜಾಳನ್ನು ಮರೆತೇಬಿಟ್ಟವಳ ಹಾಗೆ.

ಬಸ್ಸು ಹಿಂದಕ್ಕೆ ಸರಿದು, ತಿರುವು ತೆಗೆದುಕೊಂಡು ಹೊರಟಿತು. ಕಂಟ್ರೋಲ್ ರೂಮಿಗೆ ಹೊತ್ತಾಗಿತ್ತು. ಹೋದರೆ ಇಮ್ತಿಯಾಜಣ್ಣ ಏನಾಯಿತೆಂದು ಕೇಳುತ್ತಾನೆ, ಎರಡು ಮಾತಿನಲ್ಲಿ ಹೇಳಿ ಮುಗಿಸುವುದು. ಸಂಜೆ ರೂಮು. ಹಾಲಮ್ಮನ ಚಾನೆಲ್ಲಿನ ಸಂಖ್ಯೆ ನಾಳೆಯ ವೇಳೆಗೆ ಇನ್ಯಾರದೋ ಮನೆಯ ಪಾಲು. ವಾರಿಜಾ ಅಷ್ಟನ್ನೂ ಯೋಚಿಸಿ ಮುಗಿಸಿರಲಿಲ್ಲ, ಕಿಟಕಿಯಿಂದ ಒಂದು ತಲೆ ಹೊರಗೆ ಬಂತು.

"ಏಯ್ ಹುಡುಗೀ! ನಿನ್ ಹೆಸರೇ ಕೇಳ್ಲಿಲ್ಲ ನಾನು!"

"ವಾರಿಜಾ," ಎಂದಳು.

ಎಂಜಿನ್ನಿನ ಸದ್ದಿಗೆ ಅದು ಅವಳಿಗೇ ಕೇಳಿಸಲಿಲ್ಲ. ಹಾಲಮ್ಮ ಕಿವಿಗೆ ಕೈ ಹಚ್ಚಿದಳು. ಬಸ್ಸು ಗೇಟಿನ ಹತ್ತಿರ ಹೋಗಿತ್ತು.

ವಾರಿಜಾ ಚಪ್ಪಲಿ ತುಳಿದುಕೊಂಡು ನಾಲ್ಕು ಹೆಜ್ಜೆ ಓಡಿದಳು. "ವಾರಿಜಾ!" ಎಂದು ಕೂಗಿದಳು. ಗಂಟಲು ಹರಿಯುವಷ್ಟು ಜೋರಾಗಿ, ಕಂಬದ ಮೇಲಿನ ದನಿಗಿಂತ ಜೋರಾಗಿ. ಹೂ ಕಟ್ಟುವವಳು ಕಟ್ಟುವುದು ಬಿಟ್ಟು ನೋಡಿದಳು. ಟೀ ಕುಡಿಯುತ್ತಿದ್ದವರು ತಿರುಗಿದರು. ಬೆಂಚಿನ ಮೇಲಿದ್ದ ಮಗುವೊಂದು ನಕ್ಕು, "ವಾರಿಜಾ!" ಎಂದು ತಾನೂ ಕೂಗಿತು.

ಕಿಟಕಿಯಿಂದ ಒಂದು ಕೈ ಮೇಲೆದ್ದದ್ದು ಕಂಡಿತು. ಕೇಳಿಸಿತೆಂದು ಬೀಸಿದ್ದೋ, ತಿರುವಿನಲ್ಲಿ ಸರಳು ಹಿಡಿಯಲು ಎತ್ತಿದ್ದೋ, ಅಷ್ಟು ದೂರಕ್ಕೆ ಹೇಳಲಾಗುವಂತಿರಲಿಲ್ಲ.